ಅಮ್ಮನ ಸೊಂಟ ಮುರಿದಿದೆ, ಆಪರೇಷನ್‌ಗೆ ಐದು ದಿನ ಕಾಯಬೇಕೇ?

ಪ್ರಶ್ನೆ: ನಮ್ಮ ತಾಯಿಗೆ 79 ವರ್ಷ, ತೂಕ 46 ಕೆ.ಜಿ. ಬೀಳುವ ತನಕ ದೇವಸ್ಥಾನಕ್ಕೆ ತಾವೇ ನಡೆದು ಹೋಗಿ ಬರುತ್ತಿದ್ದರು. ನಿನ್ನೆ ಬೆಳಗಿನ ಜಾವ ಬಚ್ಚಲಿನಲ್ಲಿ ಜಾರಿ ಬಿದ್ದರು. ಎಡ ತೊಡೆಮೂಳೆಯ ಕುತ್ತಿಗೆ ಮುರಿದು ಜರುಗಿದೆ, ಅರ್ಧ ಕೀಲು ಬದಲಿಸಬೇಕು ಎಂದಿದ್ದಾರೆ. ಪಕ್ಕದ ಮನೆಯ ಅಜ್ಜಿ ಹೋದ ವರ್ಷ ಹೀಗೇ ಬಿದ್ದಾಗ ರಾಡ್ ಹಾಕಿ ಕಳಿಸಿದ್ದರು; ಇವರಿಗೇಕೆ ಬೇರೆ? ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದೆ, ಕ್ಲೊಪಿಡೋಗ್ರೆಲ್ ತೆಗೆದುಕೊಳ್ಳುತ್ತಾರೆ. ಅದನ್ನು ನಿಲ್ಲಿಸಿ ಐದು ದಿನ ಕಾಯಬೇಕಂತೆ. ನೆಂಟರು ಪುತ್ತೂರು ಕಟ್ಟು ಸಾಕು ಎನ್ನುತ್ತಿದ್ದಾರೆ. ಈ ವಯಸ್ಸಿಗೆ ಆಪರೇಷನ್ ತಡೆದುಕೊಳ್ಳುತ್ತಾರಾ? ಮುಂದೆ ನೆಲದ ಮೇಲೆ ಕೂರಬಹುದಾ?

ಉತ್ತರ: ಐದು ದಿನದ ಮಾತನ್ನು ಮೊದಲು ಮುಗಿಸೋಣ, ಉಳಿದದ್ದಕ್ಕೆ ಆಮೇಲೆ ಬರೋಣ. ಕಾಯಬೇಡಿ.

ಕ್ಲೊಪಿಡೋಗ್ರೆಲ್ ಹೆಪ್ಪು ತಡೆಯುವ ಮಾತ್ರೆ; ಅದು ಹೆಪ್ಪು ಕಟ್ಟಿಸುವ ಕಣಗಳಾದ ರಕ್ತದ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಂಡರೆ ಆ ಪ್ಲೇಟ್‌ಲೆಟ್ ಸಾಯುವವರೆಗೂ ಬಿಡುವುದಿಲ್ಲ. ಹೊಸವು ಸಾಕಷ್ಟು ಹುಟ್ಟಿಕೊಳ್ಳಲು ಐದರಿಂದ ಏಳು ದಿನ ಬೇಕು. ಮೊಣಕಾಲು ಬದಲಿಸುವಂಥ, ದಿನ ಗೊತ್ತುಮಾಡಿಕೊಂಡು ಮಾಡಿಸುವ ಆಪರೇಷನ್‌ಗೆ ಅಷ್ಟು ದಿನ ಕಾಯುವುದರಲ್ಲಿ ಅರ್ಥವಿದೆ. ನಿಮ್ಮ ತಾಯಿಯದು ಆ ಜಾತಿಯದಲ್ಲ. ಮುರಿದ ತೊಡೆ ಇಟ್ಟುಕೊಂಡು ಅಂಗಾತ ಮಲಗಿರುವ 79ರ ಜೀವಕ್ಕೆ ಈ ಐದು ದಿನದಲ್ಲಿ ಆಗುವುದೇನು? ಕೆಮ್ಮಲು ನೋವು, ಹಾಗಾಗಿ ಕಫ ಎದೆಯಲ್ಲೇ ನಿಂತು ನ್ಯುಮೋನಿಯಾ. ಬೆನ್ನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣು. ಕಾಲಿನ ಸಿರೆಯಲ್ಲಿ ಹೆಪ್ಪು. ಮೂತ್ರದ ಸೋಂಕು. ಮೊದಲೇ ತೆಳ್ಳಗಿದ್ದ ತೊಡೆಯ ಮಾಂಸ ದಿನದಿನಕ್ಕೂ ಕರಗುತ್ತದೆ. ಮಾತ್ರೆಯ ಪ್ರಭಾವದಲ್ಲೇ ಮಾಡಿದರೆ ರಕ್ತ ಸ್ವಲ್ಪ ಹೆಚ್ಚು ಹೋಗಬಹುದು. ಅದಕ್ಕೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಇದೆ, ಬೇಕಾದರೆ ಒಂದು ಬಾಟಲಿ ರಕ್ತ ಕೊಡಬಹುದು. ಹಾಸಿಗೆಯಲ್ಲಿ ಕಳೆದ ಐದು ದಿನವನ್ನು ವಾಪಸು ಕೊಡಲು ಯಾವ ಬಾಟಲಿಯೂ ಇಲ್ಲ.

ಬ್ರಿಟನ್ನಿನ ನೈಸ್ ಸಂಸ್ಥೆ ಸೊಂಟದ ಮುರಿತಕ್ಕಾಗಿ 2011ರಲ್ಲಿ ತಂದ ಮಾರ್ಗಸೂಚಿ ಹೇಳುವುದು ಇಷ್ಟೇ: ಸೇರಿಸಿದ ದಿನ, ಇಲ್ಲವೇ ಮಾರನೇ ದಿನ. ಹಾಗೆಂದು ನಡುರಾತ್ರಿ ಎಬ್ಬಿಸಿಕೊಂಡು ಹೋಗಬೇಕೆಂದಲ್ಲ. 17 ದೇಶಗಳ 2,970 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಹಿಪ್ ಅಟ್ಯಾಕ್ ಅಧ್ಯಯನದಲ್ಲಿ ಆರು ಗಂಟೆಯ ಆಸುಪಾಸಿನಲ್ಲಿ ಮಾಡಿದವರಿಗೂ 24 ಗಂಟೆಯ ಆಸುಪಾಸಿನಲ್ಲಿ ಮಾಡಿದವರಿಗೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಗ ಮಾಡಿದವರಲ್ಲಿ ಸನ್ನಿ (ತಾತ್ಕಾಲಿಕ ಮನೋಗೊಂದಲ) ಕಡಿಮೆ, ಎದ್ದು ನಿಂತದ್ದು ಬೇಗ. ಹಾಗಾಗಿ ಹಗಲಿನಲ್ಲಿ, ಅನುಭವವಿರುವ ಸರ್ಜನ್ ಮತ್ತು ಅರಿವಳಿಕೆ ತಜ್ಞರು ಇರುವಾಗ, 36 ಗಂಟೆಯ ಒಳಗೆ ಆದರೆ ಒಳ್ಳೆಯದು, 48 ದಾಟಿಸಬೇಡಿ. ಸ್ಟೆಂಟ್ ಹಾಕಿ ಆರು ತಿಂಗಳೂ ಆಗಿರದಿದ್ದರೆ ಹೃದಯ ತಜ್ಞರನ್ನು ಕೇಳಲೇಬೇಕಿತ್ತು. ಆಗಲೂ ಅವರು ಹೇಳುತ್ತಿದ್ದದ್ದು ಬಹುಶಃ ಮಾತ್ರೆ ನಿಲ್ಲಿಸಬೇಡಿ ಎಂದೇ. ಇವರದು ಮೂರು ವರ್ಷ ಹಳೆಯದು.

ಕಾಯಲು ನಿಜವಾದ ಕಾರಣಗಳೂ ಇವೆ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿರುವುದು, ಸೋಡಿಯಂ ತೀರಾ ಇಳಿದಿರುವುದು, ಉಸಿರುಕಟ್ಟುವ ಹೃದಯ ವೈಫಲ್ಯ, ಹತೋಟಿಗೆ ಬಾರದ ಸಕ್ಕರೆ, ತಾಳತಪ್ಪಿ ಜೋರಾಗಿ ಓಡುವ ನಾಡಿ. ಇವನ್ನು ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದಲ್ಲಿ ಸುಧಾರಿಸಿ ಆಪರೇಷನ್‌ಗೆ ಹೊರಡಬೇಕು. ವಾರ್ಫರಿನ್ ಎಂಬ ಇನ್ನೊಂದು ಹೆಪ್ಪುತಡೆ ಮಾತ್ರೆ ತೆಗೆದುಕೊಳ್ಳುವವರಿಗೆ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) 1.5ರ ಕೆಳಗೆ ತರುತ್ತಾರೆ. ನಮ್ಮಲ್ಲಿ ಬಹಳ ಸಲ ತಡವಾಗುವುದು ಇಂಥ ಯಾವುದರಿಂದಲೂ ಅಲ್ಲ. ‘ಫಿಟ್‌ನೆಸ್’ ಎಂಬ ಕಾಗದದಿಂದ. ಎಕೋ (ಹೃದಯದ ಸ್ಕ್ಯಾನ್) ಮಾಡುವವರು ಶನಿವಾರ ಬರುವುದಿಲ್ಲ, ಸೋಮವಾರ ನೋಡೋಣ ಎನ್ನುತ್ತಾರೆ. ಎದೆಯಲ್ಲಿ ಹೊಸದಾಗಿ ಮರ್ಮರ (ಹೃದಯದ ಅಸಹಜ ಸದ್ದು) ಕೇಳಿಸಿದರೆ, ಹೃದಯ ವೈಫಲ್ಯದ ಲಕ್ಷಣವಿದ್ದರೆ ಎಕೋ ಬೇಕು, ಆಗಲೂ ಅದೇ ದಿನ ಆಗಬೇಕು. ವಯಸ್ಸಾಗಿದೆ ಎಂಬುದೊಂದೇ ಎಕೋಗೆ ಕಾರಣವಲ್ಲ.

ಈಗ ರಾಡ್ ಮತ್ತು ಬಾಲ್. ಸೊಂಟ ಮುರಿಯಿತು ಎನ್ನುತ್ತೇವೆ, ಮುರಿಯುವುದು ಮಾತ್ರ ತೊಡೆಮೂಳೆಯ ಮೇಲ್ತುದಿ. ಅಲ್ಲೊಂದು ಚೆಂಡು, ಅದು ಕೂರಲು ಸೊಂಟದ ಎಲುಬಿನಲ್ಲೊಂದು ಬಟ್ಟಲು. ಚೆಂಡಿನ ಕೆಳಗೆ ಕುತ್ತಿಗೆ, ಅದರ ಬುಡದಲ್ಲಿ ಟ್ರೊಕ್ಯಾಂಟರ್ ಎಂಬ ಉಬ್ಬುಗಳು. ಚೆಂಡಿಗೆ ರಕ್ತ ಹೋಗುವುದು ಮುಖ್ಯವಾಗಿ ಕೆಳಗಿನಿಂದ, ಕುತ್ತಿಗೆಯ ಮೈಗೆ ಒತ್ತಿಕೊಂಡು ಮೇಲೇರುವ ಸಣ್ಣ ನಾಳಗಳಲ್ಲಿ. ಕುತ್ತಿಗೆ ಮುರಿದು ಜರುಗಿತೆಂದರೆ ಆ ನಾಳಗಳೂ ಹರಿದ ಹಾಗೆಯೇ. ಸ್ಕ್ರೂ ಹಾಕಿ ಎಷ್ಟೇ ಚೆನ್ನಾಗಿ ಜೋಡಿಸಿದರೂ ರಕ್ತ ತಪ್ಪಿದ ಚೆಂಡು ತಿಂಗಳುಗಳಲ್ಲಿ ಕುಸಿಯಬಹುದು, ಮೂಳೆ ಕೂಡದೆಯೇ ಉಳಿಯಬಹುದು. ಆಗ 80ರ ವಯಸ್ಸಿನಲ್ಲಿ ಎರಡನೇ ಆಪರೇಷನ್. ಅದಕ್ಕೇ ಈ ವಯಸ್ಸಿನವರಲ್ಲಿ ಜರುಗಿದ ಕುತ್ತಿಗೆ ಮುರಿತಕ್ಕೆ ಜೋಡಿಸುವ ಗೋಜಿಗೆ ಹೋಗದೆ ಚೆಂಡನ್ನೇ ತೆಗೆದು ಲೋಹದ್ದನ್ನು ಕೂರಿಸುತ್ತಾರೆ. ಜರುಗದೆ ಕಚ್ಚಿಕೊಂಡು ನಿಂತ ಮುರಿತವಾಗಿದ್ದರೆ ಮೂರು ಸ್ಕ್ರೂ ಸಾಕಾಗುತ್ತಿತ್ತು.

ಪಕ್ಕದ ಮನೆಯ ಅಜ್ಜಿಯದು ಬಹುಶಃ ಟ್ರೊಕ್ಯಾಂಟರ್ ಭಾಗದ ಮುರಿತ. ಅದು ಕೀಲಿನ ಚೀಲದ ಹೊರಗೆ, ರಕ್ತ ಧಾರಾಳವಾಗಿರುವ ಜಾಗ. ಅಲ್ಲಿ ಮೂಳೆ ಕೂಡುವುದಕ್ಕೆ ತಕರಾರಿಲ್ಲ. ನೆಟ್ಟಗೆ ಹಿಡಿದಿಡಬೇಕು ಅಷ್ಟೆ. ಒಳಗಿನ ರಾಡ್, ಇಲ್ಲವೇ ಪಕ್ಕದ ಪ್ಲೇಟ್‌ಗೆ ಕೂಡಿದ ಜಾರುವ ಸ್ಕ್ರೂ, ಮಾಡುವುದು ಅದನ್ನೇ. ಅಲ್ಲಿ ಕೆಡುವುದು ಬೇರೆ ರೀತಿ: ಮುರಿತವನ್ನು ಸರಿಯಾದ ಕೋನಕ್ಕೆ ತರದೆ ರಾಡ್ ಇಳಿಸಿಬಿಟ್ಟರೆ, ಅಥವಾ ಚೆಂಡಿನೊಳಗೆ ಹೋದ ಸ್ಕ್ರೂವಿನ ತುದಿ ನಡುಮಧ್ಯದಲ್ಲಿ, ಆಳದಲ್ಲಿ ಇರದಿದ್ದರೆ, ಮೆತ್ತಗಾದ ಮೂಳೆಯನ್ನು ಸೀಳಿಕೊಂಡು ಸ್ಕ್ರೂ ಮೇಲಿನಿಂದ ಹೊರಬರುತ್ತದೆ. ಬೌಮ್‌ಗಾರ್ಟ್ನರ್ ಎಂಬ ಮೂಳೆ ಸರ್ಜನ್ 1995ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ಸ್ಕ್ರೂ ತುದಿಯಿಂದ ಚೆಂಡಿನ ಶಿಖರಕ್ಕಿರುವ ದೂರವನ್ನು ಎದುರಿನ ಮತ್ತು ಪಕ್ಕದ ಎರಡೂ ಎಕ್ಸ್‌ರೇಗಳಲ್ಲಿ ಅಳೆದು ಕೂಡಿಸಿದರೆ 25 ಮಿ.ಮೀ. ಮೀರಬಾರದು. ಯಾವ ಕಂಪನಿಯ ರಾಡ್ ಎಂದು ಕೇಳುವವರೇ ಹೆಚ್ಚು. ಆದರೆ ಅಜ್ಜಿಯ ಕಾಲನ್ನು ಉಳಿಸುವುದು ಈ 25 ಮಿ.ಮೀ.

ಪುತ್ತೂರು ಕಟ್ಟಿನ ಬಗ್ಗೆ. ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ಅದರ ಹೆಸರಿನ ಬೋರ್ಡು ನಮ್ಮ ಪೇಟೆಗಳಲ್ಲೂ ಸಾಮಾನ್ಯ. ಮಣಿಕಟ್ಟು, ಮುಂಗೈಯ ಜರುಗದ ಬಿರುಕು ಯಾವ ಕಟ್ಟಿನಲ್ಲಾದರೂ ಕೂಡೀತು. ಸೊಂಟದ ಕೀಲು ಮಾತ್ರ ಅಂಗೈಯಷ್ಟು ದಪ್ಪದ ಮಾಂಸದಡಿಯಲ್ಲಿದೆ. ಮೇಲೆ ಎಷ್ಟೇ ಬಿಗಿದರೂ ಒಳಗಿನ ಮುರಿತಕ್ಕೆ ತಾಗುವುದಿಲ್ಲ. ತೊಡೆಯ ಸ್ನಾಯುಗಳು ಕೆಳತುಂಡನ್ನು ಮೇಲಕ್ಕೂ ಹೊರಕ್ಕೂ ಎಳೆಯುತ್ತಲೇ ಇರುತ್ತವೆ. ನಿಮ್ಮ ತಾಯಿಯ ಪಾದ ಹೊರಗೆ ವಾಲಿ ಆ ಕಾಲು ಗಿಡ್ಡವಾಗಿ ಕಾಣುತ್ತಿರುವುದು ಇದರಿಂದಲೇ. ಕಟ್ಟು ಕಟ್ಟಿಸಿಕೊಂಡು ಬದುಕಿದವರಿದ್ದಾರೆ, ಸುಳ್ಳಲ್ಲ. ಅವರು ಆಮೇಲೆ ಎಷ್ಟು ನಡೆದರು ಎಂದು ನೆಂಟರನ್ನು ಕೇಳಿ ನೋಡಿ. ಬೀಳುವ ಮೊದಲೇ ವರ್ಷಗಟ್ಟಲೆ ಹಾಸಿಗೆ ಹಿಡಿದವರಲ್ಲಿ, ಕೊನೆಯ ದಿನಗಳಲ್ಲಿರುವವರಲ್ಲಿ ಆಪರೇಷನ್ ಬೇಡ, ನೋವು ತಗ್ಗಿಸಿದರೆ ಸಾಕು ಎಂದು ಮನೆಯವರು ವೈದ್ಯರೊಂದಿಗೆ ಕೂತು ತೀರ್ಮಾನಿಸುವುದು ಸರಿಯಾದ ದಾರಿಯೇ. ದೇವಸ್ಥಾನಕ್ಕೆ ನಡೆದು ಹೋಗುತ್ತಿದ್ದವರಿಗೆ ಆ ದಾರಿಯಲ್ಲ.

ಈ ಆಪರೇಷನ್ನಿನ ಉದ್ದೇಶ ಮೂಳೆ ಜೋಡಿಸುವುದಲ್ಲ, ಹಾಸಿಗೆ ಬಿಡಿಸುವುದು. ಹಾಗಾಗಿ ಸರ್ಜನ್‌ಗೆ ಕೇಳಬೇಕಾದ ಪ್ರಶ್ನೆ ಒಂದೇ: ಮಾರನೇ ದಿನ ಆ ಕಾಲಿನ ಮೇಲೆ ಪೂರ್ತಿ ಭಾರ ಊರಬಹುದೇ? ‘ಆರು ವಾರ ಊರಬಾರದು’ ಎಂಬ ಉತ್ತರ ಬಂದರೆ ಯೋಜನೆಯಲ್ಲೇ ಎಲ್ಲೋ ತಪ್ಪಿದೆ. 79 ವರ್ಷದವರು ಒಂಟಿಕಾಲಲ್ಲಿ ಕುಂಟುವುದಿಲ್ಲ, ಮಲಗಿಬಿಡುತ್ತಾರೆ.

ಅರ್ಧ ಕೀಲು ಬದಲಿಸುವಾಗ ಆಗುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪಕ್ಕಕ್ಕೆ ಮಲಗಿಸಿ, ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತ ಸೇರಿರಬೇಕು. ಕೀಲಿಗೆ ಹೋಗಲು ಹಿಂದಿನಿಂದಲೂ ದಾರಿಯಿದೆ, ಪಕ್ಕದಿಂದಲೂ ಇದೆ. ಹಿಂದಿನ ದಾರಿಯಲ್ಲಿ ಕೀಲು ತಪ್ಪುವ ಸಂಭವ ಹೆಚ್ಚು, ಹಾಗಾಗಿ ಅರ್ಧ ಕೀಲಿಗೆ ನೈಸ್ ಹೇಳುವುದು ಪಕ್ಕದ ದಾರಿ. ಮುರಿದ ಚೆಂಡನ್ನು ಕಾರ್ಕ್ ತೆಗೆಯುವಂಥ ತಿರುಪಿನಿಂದ ಹೊರತೆಗೆದು ಅಳೆಯುತ್ತಾರೆ. ಒಂದು ಮಿ.ಮೀ. ಹೆಚ್ಚುಕಡಿಮೆಗೂ ಇಲ್ಲಿ ಬೆಲೆಯಿದೆ: ದೊಡ್ಡದಾದರೆ ಬಟ್ಟಲಿನ ಅಂಚಿಗೆ ಸಿಕ್ಕಿ ತೊಡೆಸಂದು ನೋಯುತ್ತದೆ, ಚಿಕ್ಕದಾದರೆ ಒಂದೇ ಬಿಂದುವಿನಲ್ಲಿ ಒತ್ತಿ ಬಟ್ಟಲನ್ನು ಸವೆಸುತ್ತದೆ. ಆಮೇಲೆ ತೊಡೆಮೂಳೆಯ ಕೊಳವೆಯನ್ನು ಅರ ಹಾಕಿ ಅಗಲಿಸಿ, ಲೋಹದ ದಂಡಕ್ಕೆ ಜಾಗ ಮಾಡುತ್ತಾರೆ.

ಸಿಮೆಂಟ್ ಬರುವುದು ಇಲ್ಲಿ. ಹೆಸರು ಸಿಮೆಂಟ್, ವಸ್ತು ಅಕ್ರಿಲಿಕ್. 40 ಗ್ರಾಂ ಪುಡಿಯ ಪೊಟ್ಟಣ, ಜೊತೆಗೊಂದು ದ್ರವ. ಕಲಸಿದರೆ ಹಿಟ್ಟಿನಂತಾಗಿ ಹತ್ತು ಹನ್ನೆರಡು ನಿಮಿಷದಲ್ಲಿ ಬಿಸಿಯೇರಿ ಕಲ್ಲಾಗುತ್ತದೆ. ಕೊಳವೆಯ ಕೆಳಗೊಂದು ಬಿರಡೆ ಕೊಟ್ಟು, ಒಳಗಿನ ಕೊಬ್ಬು, ರಕ್ತವನ್ನು ನೀರಿನ ರಭಸದಲ್ಲಿ ತೊಳೆದು, ಒಣಗಿಸಿ, ಗನ್‌ನಿಂದ ತಳದಿಂದ ಮೇಲಕ್ಕೆ ತುಂಬುತ್ತಾ ಬರುತ್ತಾರೆ. ಈ ತೊಳೆಯುವ ಕೆಲಸ ಅರ್ಧಂಬರ್ಧವಾದರೆ ಅಪಾಯ. ಒತ್ತಡಕ್ಕೆ ಮಜ್ಜೆಯ ಕೊಬ್ಬು ರಕ್ತಕ್ಕೆ ನುಗ್ಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡು ಬಿಪಿ, ಆಮ್ಲಜನಕ ಎರಡೂ ತಟ್ಟನೆ ಇಳಿಯಬಹುದು. ಅಪರೂಪ, ಆದರೆ ಮೇಜಿನ ಮೇಲೆಯೇ ಪ್ರಾಣ ತೆಗೆಯಬಲ್ಲದು. ಅದಕ್ಕೇ ಸಿಮೆಂಟ್ ಹಾಕುವ ಮುಂಚೆ ಸರ್ಜನ್ ಬಾಯಿಬಿಟ್ಟು ಹೇಳುತ್ತಾರೆ, ಅರಿವಳಿಕೆಯವರು ಬಿಪಿ ಏರಿಸುವ ಔಷಧಿ ಕೈಯಲ್ಲಿ ಹಿಡಿದು ಮಾನಿಟರ್ ನೋಡುತ್ತಾ ನಿಲ್ಲುತ್ತಾರೆ.

ಇಷ್ಟು ಅಪಾಯವಿದ್ದರೆ ಸಿಮೆಂಟೇ ಬೇಡ ಎನ್ನಿಸುತ್ತದೆ. ಸಿಮೆಂಟ್ ಇಲ್ಲದೆ ಬಡಿದು ಕೂರಿಸುವ ಆಸ್ಟಿನ್ ಮೂರ್ ಮಾದರಿ ನಮ್ಮಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಅಗ್ಗ, ಬೇಗ ಮುಗಿಯುತ್ತದೆ. ಟೊಳ್ಳಾದ ಮೂಳೆಯಲ್ಲಿ ಅದು ಬಿಗಿಯಾಗಿ ನಿಲ್ಲದೆ ಹೆಜ್ಜೆಹೆಜ್ಜೆಗೂ ತೊಡೆ ನೋಯುತ್ತದೆ. ಸಿಮೆಂಟ್ ರಹಿತ ಹೊಸ ಮಾದರಿಗಳನ್ನೂ ಬ್ರಿಟನ್ನಿನಲ್ಲಿ 1,225 ರೋಗಿಗಳಲ್ಲಿ ಹೋಲಿಸಿ ನೋಡಿದ ಫಲಿತಾಂಶ 2022ರಲ್ಲಿ ಬಂತು: ದಂಡದ ಸುತ್ತ ಮೂಳೆ ಮತ್ತೆ ಮುರಿದದ್ದು ಸಿಮೆಂಟ್ ಇಲ್ಲದವರಲ್ಲಿ ಶೇ 2.1, ಇದ್ದವರಲ್ಲಿ ಶೇ 0.5. ನಾಲ್ಕು ತಿಂಗಳ ಹೊತ್ತಿಗೆ ಬದುಕಿನ ಗುಣಮಟ್ಟವೂ ಸಿಮೆಂಟ್‌ನವರದೇ ಮೇಲು. ಹೃದಯ, ಶ್ವಾಸಕೋಶ ತೀರಾ ಹದಗೆಟ್ಟಿಲ್ಲದಿದ್ದರೆ ಸಿಮೆಂಟ್ ಹಾಕಿಸಿ. ಚೆಂಡಿನೊಳಗೆ ಇನ್ನೊಂದು ಚೆಂಡು ತಿರುಗುವ ಬೈಪೋಲಾರ್ ಮಾದರಿ ಬೇಕಾ ಎಂದು ಕೇಳುತ್ತಾರೆ. ಈ ವಯಸ್ಸಿಗೆ ಅದರ ಹೆಚ್ಚುವರಿ ದುಡ್ಡಿಗೆ ತಕ್ಕ ಲಾಭ ಅಧ್ಯಯನಗಳಲ್ಲಿ ಕಂಡಿಲ್ಲ. ಬಟ್ಟಲೂ ಸೇರಿ ಪೂರ್ತಿ ಕೀಲು ಬದಲಿಸುವ ಮಾತು ಬಂದರೂ ಆಶ್ಚರ್ಯವಿಲ್ಲ, ತಾಯಿ ಓಡಾಡಿಕೊಂಡಿದ್ದವರು. 1,495 ರೋಗಿಗಳ 2019ರ ಹೋಲಿಕೆಯಲ್ಲಿ ಎರಡು ವರ್ಷದೊಳಗಿನ ಮರು ಆಪರೇಷನ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಪೂರ್ತಿ ಕೀಲಿನವರ ಓಡಾಟ ಕೂದಲೆಳೆಯಷ್ಟು ಮೇಲು, ಕೀಲು ತಪ್ಪುವುದೂ ಹೆಚ್ಚು. 79ಕ್ಕೆ, 46 ಕೆ.ಜಿ.ಗೆ, ಸಿಮೆಂಟ್ ಹಾಕಿದ ಅರ್ಧ ಕೀಲು ತಪ್ಪು ಆಯ್ಕೆಯಲ್ಲ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರನ್ನು ಇವತ್ತೇ ನೋಡಿಕೊಳ್ಳಿ. ಕಾಗದಪತ್ರದ ಓಡಾಟದಲ್ಲೂ ದಿನ ಹೋಗುತ್ತದೆ.

ತಡೆದುಕೊಳ್ಳುತ್ತಾರಾ ಎಂಬ ಪ್ರಶ್ನೆಗೆ ಸಕ್ಕರೆ ಬೆರೆಸದ ಉತ್ತರ: ಸೊಂಟ ಮುರಿದ ಹಿರಿಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ, ಆಪರೇಷನ್ ಆಗಿಯೂ. ಮಾಡಿಸದೆ ಮಲಗಿದವರಲ್ಲಿ ಆ ಲೆಕ್ಕ ಇನ್ನೂ ಕೆಟ್ಟದು. ಬೀಳುವ ತನಕ ನಡೆದಾಡಿಕೊಂಡಿದ್ದು, ಬುದ್ಧಿ ಚುರುಕಾಗಿದ್ದವರು ಈ ಗುಂಪಿನಲ್ಲಿ ಚೆನ್ನಾಗಿ ಚೇತರಿಸಿಕೊಳ್ಳುವವರು. ಬೆನ್ನಿಗೆ ಇಂಜೆಕ್ಷನ್ನೋ ಪೂರ್ತಿ ಅರಿವಳಿಕೆಯೋ ಎಂಬುದು ಜನ ಅಂದುಕೊಂಡಷ್ಟು ದೊಡ್ಡ ವಿಷಯವಲ್ಲ. ಅಮೆರಿಕ, ಕೆನಡಾದ 1,600 ರೋಗಿಗಳ 2021ರ ಅಧ್ಯಯನದಲ್ಲಿ 60ನೇ ದಿನಕ್ಕೆ ನಡಿಗೆಯಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಸಿಗಲಿಲ್ಲ. ಕ್ಲೊಪಿಡೋಗ್ರೆಲ್ ಇರುವಾಗ ಬೆನ್ನುಹುರಿಯ ಸುತ್ತ ರಕ್ತಸ್ರಾವದ ಭಯವಿರುವುದರಿಂದ ಪೂರ್ತಿ ಅರಿವಳಿಕೆಯ ಜೊತೆಗೆ ನರದ ಬ್ಲಾಕ್ (ಕಾಲಿನ ನರವನ್ನು ಮರಗಟ್ಟಿಸುವ ಇಂಜೆಕ್ಷನ್) ಕೊಡುವುದು ಸಾಮಾನ್ಯ.

ಆ ಬ್ಲಾಕ್ ಥಿಯೇಟರ್‌ಗೆ ಕಾಯಬೇಕಿಲ್ಲ, ಈಗಲೇ ಕೇಳಿ. ತೊಡೆಸಂದಿನ ಕೆಳಗೆ ಸ್ಕ್ಯಾನ್ ನೋಡಿಕೊಂಡು ಸುಮಾರು 30 ಮಿ.ಲೀ. ತೆಳು ಬ್ಯುಪಿವಕೇನ್ ಎಂಬ ಮರಗಟ್ಟಿಸುವ ಔಷಧಿ ಹರಿಸುತ್ತಾರೆ, ತೂಕ ಲೆಕ್ಕ ಹಾಕಿ. ಅರ್ಧ ಗಂಟೆಯಲ್ಲಿ ಮಗ್ಗುಲು ತಿರುಗಿಸಬಹುದಾದಷ್ಟು ನೋವು ಇಳಿಯುತ್ತದೆ. ಕಾಲಿಗೆ ಇಟ್ಟಿಗೆ ತೂಗುಬಿಡುವ ಪದ್ಧತಿಯಿಂದ ನೋವು ಕಡಿಮೆಯಾಗುವುದಿಲ್ಲ, ಹಿಮ್ಮಡಿ ಹುಣ್ಣಾಗುತ್ತದೆ. ತೊಡೆಯ ಕೆಳಗೊಂದು ದಿಂಬು ಸಾಕು. ಡೈಕ್ಲೋಫೆನಾಕ್ ಸೂಜಿ ಬೇಡ: ಕಿಡ್ನಿಗೆ ಪೆಟ್ಟು, ಕ್ಲೊಪಿಡೋಗ್ರೆಲ್ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವ. ಪ್ಯಾರಾಸಿಟಮಾಲ್ ಈ ತೂಕಕ್ಕೆ 650 ಮಿ.ಗ್ರಾಂ., ಆರು ಗಂಟೆಗೊಮ್ಮೆ, ಕೇಳಿದಾಗ ಅಲ್ಲ, ತಪ್ಪದೆ. ‘ರಾತ್ರಿಯಿಂದ ಏನೂ ಕೊಡಬೇಡಿ’ ಎಂದು ಮಾರನೇ ಸಂಜೆಯವರೆಗೆ ಉಪವಾಸ ಕೆಡವುವುದಕ್ಕೂ ಒಪ್ಪಬೇಡಿ. ಊಟಕ್ಕೆ ಆರು ಗಂಟೆ, ಬರಿ ನೀರಿಗೆ, ಹಾಲಿಲ್ಲದ ಟೀಗೆ ಎರಡು ಗಂಟೆ ಅಂತರ ಸಾಕು.

ಮಾರನೇ ಬೆಳಿಗ್ಗೆ. ತಲೆಯ ಕಡೆ ಎತ್ತರಿಸಿ ಕಾಫಿ ಕುಡಿಸಿ, ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆ ಬಿಡಿ. ಕಾಲು ಇಳಿಬಿಟ್ಟು ಮಂಚದ ಅಂಚಿನಲ್ಲಿ ಎರಡು ಮೂರು ನಿಮಿಷ ಕೂರಿಸಿ. ಕಣ್ಣು ಕತ್ತಲೆ ಬರುವುದು ಇಲ್ಲಿಯೇ. ವಾಕರ್‌ನ ಹಿಡಿ, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕಿರಲಿ. ವಾಕರ್ ಮುಂದೆ, ಆಪರೇಷನ್ ಆದ ಕಾಲು ಅದರ ಹಿಂದೆ, ಒಳ್ಳೆಯ ಕಾಲು ಕೊನೆಗೆ. ಮೊದಲ ದಿನ ಕುರ್ಚಿಯವರೆಗಿನ ನಾಲ್ಕು ಹೆಜ್ಜೆ ಆದರೂ ಆಯಿತು. ಮೆಟ್ಟಿಲು ಬಂದಾಗ ಹತ್ತಲು ಒಳ್ಳೆಯ ಕಾಲು ಮೊದಲು, ಇಳಿಯಲು ಆಪರೇಷನ್ ಆದದ್ದು ಮೊದಲು. ಮೂತ್ರದ ಕೊಳವೆಯನ್ನು ಒಂದೆರಡು ದಿನದಲ್ಲಿ ತೆಗೆಸಿ. ಹೆಪ್ಪು ತಡೆಯುವ ಹೊಟ್ಟೆಯ ಇಂಜೆಕ್ಷನ್ ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ನಡೆಯುತ್ತದೆ; ತೂಕ 50ರ ಕೆಳಗಿರುವುದರಿಂದ ಪ್ರಮಾಣವನ್ನು ಕಿಡ್ನಿ ವರದಿಯೊಂದಿಗೆ ನೋಡಿ ಹಾಕಬೇಕು, ಕ್ಲೊಪಿಡೋಗ್ರೆಲ್ ಯಾವಾಗ ಮತ್ತೆ ಶುರು ಎಂಬುದನ್ನೂ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಎರಡನೇ ರಾತ್ರಿಯ ಸುಮಾರಿಗೆ ಅಮ್ಮ ಸತ್ತುಹೋದ ತಮ್ಮ ತಂದೆಯನ್ನು ಕರೆಯುವುದು, ಡ್ರಿಪ್ ಕಿತ್ತು ಹಾಕುವುದು ಶುರುವಾದರೆ ಗಾಬರಿಬೀಳಬೇಡಿ. ಇದು ಹುಚ್ಚಲ್ಲ, ಸನ್ನಿ. ನೋವು, ಕಟ್ಟಿದ ಮೂತ್ರ, ಮಲಬದ್ಧತೆ, ಸೋಂಕು, ಇಳಿದ ಸೋಡಿಯಂ, ಇವುಗಳಲ್ಲಿ ಒಂದು ಕಾರಣ ಸಾಮಾನ್ಯವಾಗಿ ಸಿಗುತ್ತದೆ. ಕೈ ಕಟ್ಟಿಹಾಕುವುದು, ನಿದ್ದೆ ಬರಲೆಂದು ಏವಿಲ್ ಎಂಬ ಅಲರ್ಜಿಯ ಔಷಧಿ ಕೊಡುವುದು ಸನ್ನಿಯನ್ನು ಹೆಚ್ಚಿಸುತ್ತದೆ. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಮನೆಯಿಂದ ತನ್ನಿ. ಗುರುತಿನವರು ಒಬ್ಬರು ಪಕ್ಕದಲ್ಲಿರಲಿ, ಹಗಲು ಕಿಟಕಿ ತೆರೆದಿರಲಿ.

ಮನೆಗೆ ಬಂದ ಮೇಲೆ ಗಾಯ ಒಂದು ವಾರ ದಾಟಿಯೂ ಒಸರುತ್ತಿದ್ದರೆ ಮೆಡಿಕಲ್ ಶಾಪಿನ ಆ್ಯಂಟಿಬಯಾಟಿಕ್ ಕೊಡಬೇಡಿ, ಆಪರೇಷನ್ ಮಾಡಿದವರಿಗೆ ತೋರಿಸಿ. ಒಳಗಿನ ಸೋಂಕನ್ನು ಬೇಗ ತೊಳೆದರೆ ಕೀಲು ಉಳಿಯುತ್ತದೆ. ತಟ್ಟನೆ ನೋವೆದ್ದು ಕಾಲು ಗಿಡ್ಡವಾಗಿ ತಿರುಗಿದರೆ ಕೀಲು ತಪ್ಪಿದೆ, ಅದೇ ದಿನ ಹೋಗಬೇಕು. ಇದಕ್ಕೇ ಮೊದಲ ಮೂರು ತಿಂಗಳು ನೆಲ, ಮಣೆ, ತಗ್ಗು ಸೋಫಾ ಯಾವುದೂ ಬೇಡ. ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು, ಕಾಲ ಮೇಲೆ ಕಾಲು ಹಾಕಬಾರದು. ಆಮೇಲೆಯೂ ಚಕ್ಕಳಮಕ್ಕಳ ಮತ್ತು ಕುಕ್ಕರಗಾಲನ್ನು ಬಿಟ್ಟುಬಿಡುವುದೇ ವಾಸಿ. ಪೂಜೆಗೆ ಕುರ್ಚಿ, ಶೌಚಕ್ಕೆ ಎತ್ತರದ ಕಮೋಡ್, ಪಕ್ಕದ ಗೋಡೆಗೊಂದು ಹಿಡಿಕೆ. ಅಜ್ಜಿಯ ರಾಡ್‌ನ ವಿಷಯ ಬೇರೆ. ಮೂಳೆ ಕೂಡಿದ ಮೇಲೆ ಅವರು ನೆಲಕ್ಕೆ ಕೂತರೆ ಅಷ್ಟೇನೂ ತೊಂದರೆಯಿಲ್ಲ. ಅವರನ್ನು ನೋಡಿ ಅಮ್ಮ ಆಸೆಪಡುತ್ತಾರೆ, ತಿಳಿಸಿ ಹೇಳಿ.

ಡಿಸ್‌ಚಾರ್ಜ್ ಚೀಟಿಯಲ್ಲಿ ಬಹಳ ಸಲ ಬಿಟ್ಟುಹೋಗುವ ಒಂದು ಸಾಲಿದೆ. ನಿಂತ ಎತ್ತರದಿಂದ ಬಿದ್ದು ತೊಡೆ ಮುರಿದಿದೆಯೆಂದರೆ ಮೂಳೆ ಟೊಳ್ಳಾಗಿದೆ ಎಂದೇ ಅರ್ಥ, ಮೂಳೆ ಸಾಂದ್ರತೆಯ ಸ್ಕ್ಯಾನ್‌ಗೆ ಕಾಯಬೇಕಿಲ್ಲ. ಕ್ಯಾಲ್ಸಿಯಂ ಮಾತ್ರೆ ಒಂದೇ ಅದಕ್ಕೆ ಔಷಧಿಯಲ್ಲ. ಬೇಕಾದದ್ದು ಮೂಳೆ ಗಟ್ಟಿಮಾಡುವ ಝೋಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂ., ವರ್ಷಕ್ಕೊಂದು ಡ್ರಿಪ್. ಸೊಂಟ ಮುರಿದು ಆಪರೇಷನ್ ಆದ 90 ದಿನದೊಳಗೆ ಇದನ್ನು ಕೊಟ್ಟು ನೋಡಿದ 2007ರ ಅಧ್ಯಯನದಲ್ಲಿ ಹೊಸ ಮುರಿತಗಳು ಶೇ 35, ಸಾವು ಶೇ 28 ಇಳಿದವು. ಆಪರೇಷನ್ ಆಗಿ ಎರಡು ವಾರ ಕಳೆದಿರಲಿ. ವಿಟಮಿನ್ ಡಿ ಕೊರತೆಯನ್ನು ಮೊದಲು ತುಂಬಿಸಿ, ಇಲ್ಲದಿದ್ದರೆ ರಕ್ತದ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಡೆಯುತ್ತವೆ. ಕಿಡ್ನಿಯ ಕ್ರಿಯಾಟಿನಿನ್ ಕ್ಲಿಯರೆನ್ಸ್ (ರಕ್ತ ಸೋಸುವ ಶಕ್ತಿಯ ಅಳತೆ) 35ಕ್ಕಿಂತ ಕಡಿಮೆಯಿದ್ದರೆ ಇದು ಆಗದು, ಬೇರೆ ಔಷಧಿ ಆರಿಸಬೇಕು. ಹಲ್ಲು ಕೀಳಿಸುವುದಿದ್ದರೆ ಮುಂಚೆಯೇ ಮುಗಿಸಿಕೊಳ್ಳಿ. ಡ್ರಿಪ್ ಹಾಕಿಸಿದ ರಾತ್ರಿ ಜ್ವರ, ಮೈಕೈ ನೋವು ಬರುವುದುಂಟು. ಎರಡು ದಿನ ಪ್ಯಾರಾಸಿಟಮಾಲ್ ಕೊಟ್ಟು, ನೀರು ಚೆನ್ನಾಗಿ ಕುಡಿಸಿದರೆ ಇಳಿಯುತ್ತದೆ.